ಅಮೆರಿಕದಲ್ಲಿ ಕೂಸಿನ ಮೂತ್ರಕೋಶದ ಚಿಕಿತ್ಸೆ: ಟ್ರಯಲ್ ಕಾಗದಕ್ಕೆ ಸಹಿ ಹಾಕುವ ಮುಂಚೆ

ಕೂಸಿಗೆ ಮೂತ್ರದ ತೊಂದರೆ ಎಂದರೆ ಕಲಬುರಗಿಯವರಿಗೆ ದಾರಿ ಗೊತ್ತು. ಮೊದಲು ಊರಿನ ಮಕ್ಕಳ ಡಾಕ್ಟರು, ಅಲ್ಲಿಂದ ಚೀಟಿ ಹಿಡಿದು ಸೊಲ್ಲಾಪುರ ಇಲ್ಲವೇ ಹೈದರಾಬಾದು. ಚೀಟಿ ಇಲ್ಲದಿದ್ದರೂ ನಡೆಯುತ್ತದೆ. ಅಮೆರಿಕಕ್ಕೆ ಹೋದ ನಮ್ಮ ಮಂದಿ ಅಲ್ಲಿಯೂ ಇದೇ ಲೆಕ್ಕ ಹಾಕಿ ನೇರವಾಗಿ ದೊಡ್ಡ ಡಾಕ್ಟರಿಗೆ ಫೋನ್ ಮಾಡುತ್ತಾರೆ. ಅಲ್ಲಿ ಎಷ್ಟೋ ಇನ್ಶೂರೆನ್ಸ್ ಪ್ಲಾನುಗಳು, ಅದರಲ್ಲೂ ತಮ್ಮ ಪಟ್ಟಿಯ ಡಾಕ್ಟರಲ್ಲೇ ತೋರಿಸಬೇಕೆನ್ನುವ ಎಚ್‌ಎಂಒ ಮಾದರಿಯವು, ಮಾಮೂಲಿ ಮಕ್ಕಳ ಡಾಕ್ಟರ ರೆಫರಲ್ ಚೀಟಿ ಇಲ್ಲದೆ ಬಿಲ್ ಕಟ್ಟುವುದಿಲ್ಲ. ಮಕ್ಕಳ ಯುರಾಲಜಿಸ್ಟ್ (ಮೂತ್ರಾಂಗದ ತಜ್ಞರು) ಅಂದರೆ ದೊಡ್ಡವರ ಯುರಾಲಜಿಸ್ಟೂ ಅಲ್ಲ. 2008ರಿಂದ ಅದಕ್ಕೆ ಪ್ರತ್ಯೇಕ ಸರ್ಟಿಫಿಕೇಟ್ ಇದೆ, ಹೆಚ್ಚಿನವರು ದೊಡ್ಡ ಊರಿನ ಮಕ್ಕಳ ಆಸ್ಪತ್ರೆಗಳಲ್ಲಿ ಇರುತ್ತಾರೆ. ಅಷ್ಟು ತಿಳಿದರೆ ಮೊದಲ ಮೆಟ್ಟಿಲು ಹತ್ತಿದ ಹಾಗೆ.

ಗೊಂದಲ ಶುರುವಾಗುವುದು ಆಮೇಲೆ. ಒಂದು ದಿನ ಡಾಕ್ಟರ ಜೊತೆ ಇನ್ನೊಬ್ಬರು ಬರುತ್ತಾರೆ, ರಿಸರ್ಚ್ ಕೋಆರ್ಡಿನೇಟರ್. ಕೈಯಲ್ಲಿ ಹತ್ತಿಪ್ಪತ್ತು ಪುಟದ ಒಪ್ಪಿಗೆ ಪತ್ರ: ಹೊಸ ಚಿಕಿತ್ಸೆಯನ್ನು ಪರೀಕ್ಷಿಸುವ ಸಂಶೋಧನೆಗೆ, ಅಂದರೆ ಟ್ರಯಲ್‌ಗೆ, ಕೂಸನ್ನು ಸೇರಿಸಲು. ಅದು ಅವತ್ತು ರಾತ್ರಿಯೇ ವಾಟ್ಸಾಪಿನಲ್ಲಿ ಆಳಂದಕ್ಕೋ ಹುಮನಾಬಾದಕ್ಕೋ ಬರುತ್ತದೆ, ಅಲ್ಲಿಂದ ನನ್ನಂಥವರ ಕೈಗೆ. ಜೊತೆಗೆ ಅಜ್ಜನ ಪ್ರಶ್ನೆ: "ಖುದ್ದ ಡಾಕ್ಟರೇ ಕೇಳ್ಯಾರ. ಒಲ್ಲೆ ಅಂದ್ರ ನಾಳಿ ಕೂಸಿನ ಸರಿಯಾಗಿ ನೋಡ್ತಾರೇನ್ರಿ?"

ನೋಡುತ್ತಾರೆ. ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಅಲ್ಲಿ ಚಿಕಿತ್ಸೆ ಒಂದು ದಾರಿ, ಸಂಶೋಧನೆ ಇನ್ನೊಂದು ದಾರಿ, ಎರಡರಲ್ಲೂ ಒಬ್ಬರೇ ಡಾಕ್ಟರಿದ್ದರೂ ಸರಿ. ಒಲ್ಲೆ ಎಂದರೆ ಸಿಗಬೇಕಾದ ಚಿಕಿತ್ಸೆ ತಪ್ಪಬಾರದು, ನಡುವೆ ಯಾವಾಗ ಬೇಕಾದರೂ ಹೊರಬರಬಹುದು ಎಂಬ ಮಾತು ಒಪ್ಪಿಗೆ ಪತ್ರದಲ್ಲೇ ಇರಬೇಕೆಂದು ಫೆಡರಲ್ ನಿಯಮ ಹೇಳುತ್ತದೆ. ಚಿಕಿತ್ಸೆಯ ಗುರಿ ನಿಮ್ಮ ಕೂಸು. ಟ್ರಯಲ್‌ನ ಗುರಿ ಒಂದು ಪ್ರಶ್ನೆಗೆ ಉತ್ತರ. ಕೂಸಿಗೆ ಲಾಭ ಆಗಬಹುದು, ಆಗದೆಯೂ ಇರಬಹುದು.

ಅಪ್ಪ-ಅಮ್ಮಂದಿರ ಕಣ್ಣು ಮೊದಲು ಬೀಳುವುದು 'ರೀಜೆನರೇಟಿವ್' ಎಂದಿರುವ ಸಾಲಿನ ಮೇಲೆ. ಮಗುವಿನದೇ ಜೀವಕೋಶ ತೆಗೆದು, ಬೆಳೆಸಿ, ಹೊಸ ಮೂತ್ರಕೋಶ ಮಾಡುವ ಮಾತು ಅದು. ಅದು ಸುಳ್ಳಲ್ಲ. ಸ್ಪೈನಾ ಬೈಫಿಡಾ (ಹುಟ್ಟುವಾಗಲೇ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ತೊಂದರೆ, ಮೂತ್ರಕೋಶದ ಹತೋಟಿಯೂ ತಪ್ಪುತ್ತದೆ) ಇದ್ದ, 4ರಿಂದ 19 ವರ್ಷದೊಳಗಿನ ಏಳು ಮಂದಿಗೆ ಅವರದೇ ಕೋಶಗಳಿಂದ ಬೆಳೆಸಿದ ಭಾಗವನ್ನು ಮೂತ್ರಕೋಶಕ್ಕೆ ಜೋಡಿಸಿದ್ದನ್ನು ಅಮೆರಿಕದ ಯುರಾಲಜಿಸ್ಟ್ ಆಂಟನಿ ಅಟಾಲಾ ಅವರ ತಂಡ 2006ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿತು. ಜಗತ್ತೆಲ್ಲ ಸುದ್ದಿಯಾಯಿತು. ಮುಂದಿನ ಕಥೆ ಅಷ್ಟು ಸುದ್ದಿಯಾಗಲಿಲ್ಲ. ಅದೇ ಬಗೆಯ ತಂತ್ರವನ್ನು ಹತ್ತು ಮಕ್ಕಳ ಮೇಲೆ ಎರಡನೇ ಹಂತದ (ಕೆಲವೇ ರೋಗಿಗಳಲ್ಲಿ ಫಲ, ಅಪಾಯ ಎರಡನ್ನೂ ನೋಡುವ) ಟ್ರಯಲ್‌ನಲ್ಲಿ ನೋಡಿದಾಗ ಮೂತ್ರಕೋಶ ಹಿಗ್ಗುವ ಗುಣವೂ ಸುಧಾರಿಸಲಿಲ್ಲ, ಅದರಲ್ಲಿ ಹಿಡಿಸುವ ಪ್ರಮಾಣವೂ ಹೆಚ್ಚಲಿಲ್ಲ. ಗಂಭೀರ ತೊಂದರೆಗಳು ಮಾತ್ರ ಒಪ್ಪಬಹುದಾದ ಮಿತಿ ದಾಟಿದವು. ಆ ಫಲಿತಾಂಶ 2014ರಲ್ಲಿ ಬಂತು. ಊರಿನ ನೆಂಟರು ಇವತ್ತಿಗೂ ಕಳಿಸುವ ವಿಡಿಯೋಗಳಲ್ಲಿ 2006 ಇರುತ್ತದೆ, 2014 ಇರುವುದಿಲ್ಲ.

ಹಾಗಂತ ಹುಡುಕಾಟವೇ ದಂಡ ಅಲ್ಲ. ಈಗಿನ ದೊಡ್ಡ ಆಪರೇಷನ್‌ನಲ್ಲಿ ಕರುಳಿನ ತುಂಡು ಸೇರಿಸಿ ಮೂತ್ರಕೋಶ ಹಿಗ್ಗಿಸುತ್ತಾರೆ. ಕರುಳು ತನ್ನ ಗುಣ ಬಿಡುವುದಿಲ್ಲ: ಲೋಳೆ ಬಿಡುತ್ತದೆ, ಕಲ್ಲು ಕಟ್ಟಬಹುದು, ರಕ್ತದಲ್ಲಿ ಆಮ್ಲದ ಅಂಶ ಏರಬಹುದು. ಬೇರೆ ದಾರಿ ಬೇಕೇ ಬೇಕು. ಆದರೆ ಆ ದಾರಿ ನಿಮ್ಮ ಕೂಸಿನ ಮೇಲೆಯೇ ತೆರೆಯಬೇಕೇ ಎಂಬುದನ್ನು ಕೇಳಿ ತಿಳಿಯಬೇಕು. ಇದು ಎಷ್ಟನೇ ಹಂತ? ಇದಕ್ಕೆ ಮುಂಚೆ ಎಷ್ಟು ಮಕ್ಕಳಿಗೆ ಮಾಡಿದ್ದಾರೆ? ಫಲ ಸಿಗದಿದ್ದರೆ ಆಮೇಲೆ ಕರುಳಿನ ಆಪರೇಷನ್ ಮಾಡಲು ಬರುತ್ತದೆಯೇ? ಮೂರನೆಯದಕ್ಕೆ ಬಾಯಿಮಾತಿನ ಉತ್ತರ ಸಾಲದು.

ಪ್ರತಿ ಟ್ರಯಲ್‌ಗೂ ಐಆರ್‌ಬಿ ಎಂಬ ಸಮಿತಿಯ ಅನುಮತಿ ಇರಬೇಕು, ನಮ್ಮಲ್ಲಿ ಎಥಿಕ್ಸ್ ಕಮಿಟಿ ಅನ್ನುತ್ತಾರಲ್ಲ, ಅದು. ಮಗುವಿಗೆ ನೇರ ಲಾಭದ ಸಂಭವ ಇದ್ದರೆ ತಾಯಿ-ತಂದೆಯರಲ್ಲಿ ಒಬ್ಬರ ಸಹಿ ಸಾಕೆಂದು ಸಮಿತಿ ಹೇಳಬಹುದು. ಲಾಭದ ಸಂಭವ ಇಲ್ಲದೆ, ಅಪಾಯ ಅತಿ ಕನಿಷ್ಠಕ್ಕಿಂತ ತುಸು ಹೆಚ್ಚಿದ್ದರೆ ಸಾಮಾನ್ಯವಾಗಿ ಇಬ್ಬರ ಸಹಿಯೂ ಬೇಕು. ಇಬ್ಬರ ಸಹಿ ಕೇಳಿದರೆ ಯಾಕೆಂದು ಕೇಳಿ, ಅದರಲ್ಲೇ ಅರ್ಧ ವಿಷಯ ತಿಳಿಯುತ್ತದೆ. ತಿಳಿವಳಿಕೆ ಬಂದ ಮಗುವಿನ ಒಪ್ಪಿಗೆಯನ್ನೂ ಪ್ರತ್ಯೇಕ ಕೇಳುತ್ತಾರೆ. ಹಲವು ಆಸ್ಪತ್ರೆಗಳು ಇದನ್ನು ಏಳು ವರ್ಷದಿಂದ ಶುರುಮಾಡುತ್ತವೆ. ಮೌನಂ ಸಮ್ಮತಿ ಲಕ್ಷಣಂ ಎನ್ನುವುದು ನಮ್ಮ ಮನೆಗಳ ರೂಢಿ. ಅಲ್ಲಿನ ನಿಯಮ ಇದಕ್ಕೆ ತದ್ವಿರುದ್ಧ: ಮಗು ಸುಮ್ಮನಿದ್ದರೆ ಒಪ್ಪಿದಂತಲ್ಲ. ಆ ಹೊತ್ತಿನಲ್ಲಿ ಮಗುವಿನ ಪರವಾಗಿ ನೀವೇ "ಹೂಂ ಅಂತಾನ್ರಿ" ಎನ್ನಬೇಡಿ.

ಭಾಷೆಗೆ ಸಂಕೋಚ ಬೇಡ. ಇಂಗ್ಲಿಷ್ ಚೆನ್ನಾಗಿ ಬಾರದ ತಾಯಿ ಕೇಳಿದರೆ ಆಸ್ಪತ್ರೆ ಪುಕ್ಕಟೆಯಾಗಿ ದುಭಾಷಿಯನ್ನು ಕೊಡಬೇಕು, ಹೆಚ್ಚಾಗಿ ಫೋನಿನಲ್ಲೋ ವಿಡಿಯೋದಲ್ಲೋ. ಗಂಡನೋ ದೊಡ್ಡ ಮಗಳೋ ಅನುವಾದಿಸಿದರೆ ಅಪಾಯದ ಭಾಗ ಅರ್ಧ ನುಂಗಿ ಹೋಗುತ್ತದೆ. ಬೀದರ್ ಕಡೆಯ ಮಾತು ಫೋನಿನಲ್ಲಿರುವವರಿಗೆ ತಿಳಿಯದಿದ್ದರೆ ಬೇರೆಯವರನ್ನು ಕೊಡಿ ಅನ್ನಿ.

ಕಾಗದದಲ್ಲಿ ಎರಡು ಸಾಲು ಬೆರಳಿಟ್ಟು ಓದಿ. ಒಂದು, ತೆಗೆದ ಅಂಗಾಂಶವನ್ನು ಮುಂದೆ ಬೇರೆ ಸಂಶೋಧನೆಗೆ ಬಳಸುತ್ತಾರೆಯೇ, ಅದರಿಂದ ದುಡ್ಡು ಬಂದರೆ ನಿಮಗೆ ಪಾಲು ಉಂಟೇ ಎಂಬುದು. ಪಾಲು ಇಲ್ಲ ಎಂದೇ ಸಾಮಾನ್ಯವಾಗಿ ಬರೆದಿರುತ್ತದೆ. ಇನ್ನೊಂದು, ಟ್ರಯಲ್‌ನಿಂದ ಮಗುವಿಗೆ ಪೆಟ್ಟಾದರೆ ಖರ್ಚು ಯಾರದು ಎಂಬುದು. ಇಲ್ಲಿ ನಮ್ಮವರು ಎಡವುತ್ತಾರೆ. ಭಾರತದಲ್ಲಿ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಟ್ರಯಲ್‌ನಿಂದಾದ ಹಾನಿಗೆ ಪ್ರಾಯೋಜಕರು ಪರಿಹಾರ ಕೊಡಬೇಕು. ಅಮೆರಿಕದಲ್ಲಿ ಅಂಥ ಕಡ್ಡಾಯವಿಲ್ಲ. ಪರಿಹಾರ ಉಂಟೋ ಇಲ್ಲವೋ ಎಂದು ಬರೆದು ತಿಳಿಸಿದರೆ ಸಾಕು. ಶ್ರೀಮಂತ ದೇಶದ ಈ ಕಂಜೂಸತನ ನನಗೆ ಇನ್ನೂ ಅರ್ಥವಾಗಿಲ್ಲ.

ಟ್ರಯಲ್‌ನಲ್ಲಿ ಎಲ್ಲ ಪುಕ್ಕಟೆ ಎಂಬುದೂ ಪೂರ್ತಿ ನಿಜವಲ್ಲ. ಸಂಶೋಧನೆಗೆಂದೇ ಮಾಡುವ ಪರೀಕ್ಷೆಗೆ ದುಡ್ಡು ಅವರದು, ಹೇಗೂ ಆಗಬೇಕಿದ್ದ ಸ್ಕ್ಯಾನು, ಅಡ್ಮಿಷನ್ನು ನಿಮ್ಮ ಇನ್ಶೂರೆನ್ಸಿನದು. ಇಂಥ ಮಾಮೂಲಿ ಖರ್ಚು ಕೊಡಲೇಬೇಕೆಂಬ ಕಾನೂನು ಖಾಸಗಿ ಇನ್ಶೂರೆನ್ಸಿಗಿದೆ, ಆದರೆ ಅದು ಕ್ಯಾನ್ಸರ್ ಮತ್ತು ಜೀವಕ್ಕೆ ಅಪಾಯವಿರುವ ಕಾಯಿಲೆಗಳ ಟ್ರಯಲ್‌ಗಳಿಗೆ ಮಾತ್ರ. ಗಂಡುಕೂಸಿನ ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಗಿರುವ ಹೈಪೋಸ್ಪೇಡಿಯಾಸ್‌ನಂಥ ತೊಂದರೆ ಅದರೊಳಗೆ ಬರುವುದು ಕಷ್ಟ. ಇನ್ಶೂರೆನ್ಸ್ ಕಂಪನಿಯಿಂದ ಉತ್ತರ ಬರಹದಲ್ಲಿ ತರಿಸಿಕೊಳ್ಳಿ. ವಿಸಿಟರ್ ವೀಸಾದ ಮೇಲೆ ಊರಿನಿಂದ ಮೊಮ್ಮಗುವನ್ನು ಕರೆಸಿ ಟ್ರಯಲ್‌ಗೆ ಸೇರಿಸುವ ಯೋಚನೆಯಿದ್ದರೆ ಆ ಮಗುವಿಗೆ ಅಲ್ಲಿ ಇಂಥ ಖರ್ಚು ಕೊಡುವ ಇನ್ಶೂರೆನ್ಸ್ ಸಾಮಾನ್ಯವಾಗಿ ಇರುವುದಿಲ್ಲ ಎಂಬುದು ನೆನಪಿರಲಿ.

ಆಸ್ಪತ್ರೆಯ ಹೊರಗೆ ಅಂಗಡಿಯಂತೆ ತೆರೆದಿರುವ 'ಸ್ಟೆಮ್ ಸೆಲ್' ಕ್ಲಿನಿಕ್ಕುಗಳ ವಿಷಯ ಚುಟುಕಾಗಿ: ಹೋಗಬೇಡಿ. ಮಕ್ಕಳ ಮೂತ್ರಕೋಶದ ತೊಂದರೆಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಸ್ಟೆಮ್ ಸೆಲ್ ಚಿಕಿತ್ಸೆ ಯಾವುದೂ ಇಲ್ಲ. ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಎಂಬ ಸರ್ಕಾರಿ ತಾಣದಲ್ಲಿ ಹೆಸರಿದೆ ಎಂದರೆ ಸರ್ಕಾರ ಒಪ್ಪಿದೆ ಎಂದಲ್ಲ, ನೋಂದಣಿಯಾಗಿದೆ ಎಂದಷ್ಟೇ. ಟ್ರಯಲ್‌ಗೆ ಸೇರಲು ಸಾವಿರಾರು ಡಾಲರ್ ಕೇಳಿದರೆ ಅದು ಅಸಲಿಯೇ ಎಂದು ಅನುಮಾನ ಪಡಿ.

ನನ್ನ ಕೇಳಿದರೆ, ಆ ದೇಶದ ವ್ಯವಸ್ಥೆಯಿಂದ ನಿಮ್ಮ ಕೂಸಿಗೆ ಹೆಚ್ಚು ಲಾಭವಾಗುವುದು ಇದಾವುದರಿಂದಲೂ ಅಲ್ಲ, ಸಾದಾ ಕ್ಯಾಥೆಟರ್‌ನಿಂದ. ದಿನಕ್ಕೆ ನಾಲ್ಕೈದು ಸಲ ನಳಿಕೆ ಹಾಕಿ ಮೂತ್ರ ಖಾಲಿ ಮಾಡುವ ವಿಧಾನವನ್ನು ಅಮೆರಿಕದ ಯುರಾಲಜಿಸ್ಟ್ ಜ್ಯಾಕ್ ಲ್ಯಾಪಿಡೆಸ್ 1972ರಲ್ಲಿ ಬರೆದು ತೋರಿಸಿದರು. ಎಷ್ಟೋ ಮಕ್ಕಳ ಕಿಡ್ನಿ ಉಳಿದದ್ದು ಅದರಿಂದ. ನಮ್ಮ ಕಡೆ ಒಂದೇ ನಳಿಕೆಯನ್ನು ತೊಳೆದು ಬಳಸುತ್ತೇವೆ. ಅಲ್ಲಿ ಒಮ್ಮೆ ಬಳಸಿ ಎಸೆಯುವಂಥವು ಡಾಕ್ಟರ ಚೀಟಿಯ ಮೇಲೆ ಸಪ್ಲೈ ಕಂಪನಿಯಿಂದ ಮನೆಗೆ ಬರುತ್ತವೆ. ಮೆಡಿಕಲ್ ಅಂಗಡಿಯಲ್ಲಿ ಹುಡುಕಬೇಡಿ.

ಶಾಲೆಯಲ್ಲಿ ಯಾರು ಹಾಕುತ್ತಾರೆ ಎಂದು ಕೆಲಸ ಬಿಟ್ಟು ಕೂತ ತಾಯಂದಿರಿದ್ದಾರೆ. ಬೇಕಿಲ್ಲ. ಟೆಕ್ಸಾಸಿನ ಇರ್ವಿಂಗ್ ಶಾಲಾ ಜಿಲ್ಲೆ (ಅಲ್ಲಿನ ಸರ್ಕಾರಿ ಶಾಲೆಗಳ ಆಡಳಿತ) ಸ್ಪೈನಾ ಬೈಫಿಡಾ ಇದ್ದ ಹುಡುಗಿಗೆ ಕ್ಯಾಥೆಟರ್ ಹಾಕಲು ಒಲ್ಲೆ ಎಂದಾಗ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1984ರಲ್ಲಿ ಕೋರ್ಟ್, ಇದು ಶಾಲೆಯೇ ಒದಗಿಸಬೇಕಾದ ಸೇವೆ ಎಂದು ತೀರ್ಪು ಕೊಟ್ಟಿತು. ಡಾಕ್ಟರಿಂದ ಪತ್ರ ಬರೆಸಿ, ತೊಂದರೆಯಿರುವ ಮಗುವಿಗೆ ಶಾಲೆ ಏನೇನು ನೆರವು ಕೊಡಬೇಕೆಂದು ಬರೆದಿಡುವ ಐಇಪಿ ಇಲ್ಲವೇ 504 ಪ್ಲಾನ್ ಬೇಕೆಂದು ಶಾಲೆಗೆ ಬರಹದಲ್ಲೇ ಕೇಳಿ.

ಎಚ್-1ಬಿ ಎಂಬ ಕೆಲಸದ ವೀಸಾ ಮೇಲಿರುವವರಿಗೆ ಇನ್ನೊಂದು ಮಾತು. ಕೆಲಸ ಹೋದರೆ ವೀಸಾದ ಗಡುವು ಹೆಚ್ಚೆಂದರೆ 60 ದಿನ, ಟ್ರಯಲ್‌ನ ಫಾಲೋಅಪ್ ವರ್ಷಗಟ್ಟಲೆ. ದೇಶ ಬಿಡಬೇಕಾಗಿ ಬಂದರೆ ಏನು ಮಾಡುತ್ತೀರೆಂದು ಸೇರುವಾಗಲೇ ಕೇಳಿ. ಆಪರೇಷನ್ ನೋಟ್, ಮೂತ್ರಕೋಶದ ಒತ್ತಡ ಅಳೆಯುವ ಯುರೋಡೈನಮಿಕ್ ಪರೀಕ್ಷೆಯ ರಿಪೋರ್ಟ್, ಸ್ಕ್ಯಾನಿನ ಸಿಡಿ, ಒಳಗೆ ಕೂರಿಸಿದ ವಸ್ತುವಿನ ವಿವರ ಆಗಾಗ ತೆಗೆದಿಟ್ಟುಕೊಳ್ಳಿ. ಆಸ್ಪತ್ರೆಯ ಆನ್‌ಲೈನ್ ಪೋರ್ಟಲ್ ಲಾಗಿನ್ ನಂಬಿಕೊಂಡು ವಾಪಸ್ ಬಂದರೆ ಹೈದರಾಬಾದಿನ ಡಾಕ್ಟರು ಮೊದಲಿನಿಂದ ಎಲ್ಲ ಪರೀಕ್ಷೆ ಮಾಡಿಸಬೇಕಾಗುತ್ತದೆ.