ಸೂಕ್ಷ್ಮ ಚರ್ಮಕ್ಕೆ ಹಬೆ: ನನ್ನ ಅನುಭವ

ಉಡುಪಿಯ ಕುಂಜಿಬೆಟ್ಟಿನಲ್ಲಿ ಬ್ಯೂಟಿ ಪಾರ್ಲರ್ ತೆರೆದ ಹೊಸದರಲ್ಲಿ ಫೇಶಿಯಲ್‌ಗೆ ಬಂದವರೆಲ್ಲರಿಗೂ ನಾನು 10 ನಿಮಿಷ ಹಬೆ ಕೊಡುತ್ತಿದ್ದೆ. ಒಂದು ಮೇ ತಿಂಗಳ ಮಧ್ಯಾಹ್ನ, ತಂಗಿಯ ಮದುವೆಗೆ ಎರಡು ದಿನವಿರುವಾಗ ಬಂದ ಯುವತಿಯೊಬ್ಬರು ನಡುವೆಯೇ "ಅಕ್ಕ, ಕೆನ್ನೆ ಉರಿಯುತ್ತಿದೆ" ಎಂದರು. ಯಂತ್ರ ಸರಿಸಿ ನೋಡಿದರೆ ಮೂಗಿನ ಎರಡೂ ಬದಿ ಕೆಂಪೇರಿತ್ತು. ಅದು ಇಳಿಯಲು ಮರುದಿನವಾಯಿತು. ಅವರು ರಾತ್ರಿ ಚರ್ಮವನ್ನು ಸೂಕ್ಷ್ಮಗೊಳಿಸಬಲ್ಲ ರೆಟಿನಾಲ್ ಕ್ರೀಮ್ ಹಚ್ಚುತ್ತಿದ್ದ ಸಂಗತಿ ಆಮೇಲೆ ತಿಳಿಯಿತು. ಕೇಳದಿದ್ದದ್ದು ನನ್ನದೇ ತಪ್ಪು.

ಅಂದಿನಿಂದ ಯಂತ್ರದ ಸ್ವಿಚ್ ಹಾಕುವ ಮೊದಲು ಕೇಳಿಕೊಳ್ಳುತ್ತೇನೆ: ಯಾವ ಕ್ರೀಮ್ ಬಳಸುತ್ತಿದ್ದೀರಿ, ಇತ್ತೀಚೆಗೆ ಪೀಲ್ (ಚರ್ಮದ ಮೇಲ್ಪದರ ತೆಗೆಯುವ ಚಿಕಿತ್ಸೆ) ಅಥವಾ ವ್ಯಾಕ್ಸಿಂಗ್ ಮಾಡಿಸಿದ್ದೀರಾ, ಉಬ್ಬಸವಿದೆಯೇ? ರೊಸೇಶಿಯಾ (ಮುಖ ಪದೇಪದೇ ಕೆಂಪೇರುವ ಚರ್ಮದ ತೊಂದರೆ), ಕೆರಳಿದ ಎಕ್ಸಿಮಾ (ಇಸಬು), ಬಿಸಿಲಿಗೆ ಸುಟ್ಟ ಚರ್ಮ ಅಥವಾ ಕೆನ್ನೆಯಲ್ಲಿ ಎದ್ದು ಕಾಣುವ ಸಣ್ಣ ರಕ್ತನಾಳಗಳಿದ್ದರೆ ಹಬೆಯನ್ನೇ ಕೊಡುವುದಿಲ್ಲ, ಏಕೆಂದರೆ ಬಿಸಿಗೆ ರಕ್ತನಾಳಗಳು ಹಿಗ್ಗಿ ಕೆಂಪು ಇನ್ನಷ್ಟು ಹೆಚ್ಚುತ್ತದೆ. ಹಬೆಗೆ ರಂಧ್ರಗಳು ಬಾಗಿಲಿನಂತೆ ತೆರೆಯುತ್ತವೆ ಎಂದು ನಮ್ಮಲ್ಲಿ ಅನೇಕರು ಹೇಳುವುದುಂಟು; ಆದರೆ ರಂಧ್ರಗಳಿಗೆ ತೆರೆದು ಮುಚ್ಚುವ ಸ್ನಾಯುಗಳಿಲ್ಲ. ಹಬೆಯಿಂದ ಜಿಡ್ಡೂ ಮೇಲ್ಪದರವೂ ಮೆತ್ತಗಾಗುತ್ತವೆ, ಅಷ್ಟೇ. ಅದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ಯಂತ್ರಕ್ಕೆ ಡಿಸ್ಟಿಲ್ಡ್ ನೀರನ್ನು ಗುರುತಿನವರೆಗೆ ಮಾತ್ರ ತುಂಬುತ್ತೇನೆ. ಗುರುತು ಮೀರಿದರೆ ಅಥವಾ ಒಳಗೆ ಸುಣ್ಣದ ಪದರ ಕಟ್ಟಿದರೆ ಕೊಳವೆ ಕುದಿನೀರಿನ ಹನಿ ಉಗುಳುತ್ತದೆ, ಆ ಒಂದು ಹನಿ ಸಾಕು ಬೊಕ್ಕೆ ಏಳಲು. ಸುಗಂಧ ತೈಲವನ್ನು ನೀರಿಗೆ ಬೆರೆಸುವುದಿಲ್ಲ. ಕೊಳವೆಯನ್ನು ಗೋಡೆಯ ಕಡೆ ತಿರುಗಿಸಿಟ್ಟು, ಹಬೆ ಸಮನಾಗಿ ಬರತೊಡಗಿದ ಮೇಲೆ ನನ್ನ ಮುಂಗೈಯ ಒಳಭಾಗವನ್ನು ಅದಕ್ಕೆ ಒಡ್ಡುತ್ತೇನೆ. ಅಲ್ಲಿ ಚುರುಕೆನ್ನದೆ ಹಿತವಾದ ಬೆಚ್ಚಗೆ ಮಾತ್ರ ತಾಗಿದರೆ, ಮುಖದಿಂದ ಸುಮಾರು 45 ಸೆಂ.ಮೀ. ದೂರಕ್ಕೆ, ನೇರವಾಗಿ ಅಲ್ಲದೆ ಗಲ್ಲದ ಕೆಳಗಿನಿಂದ ಹಾಯುವಂತೆ ನಿಲ್ಲಿಸುತ್ತೇನೆ. ಕಣ್ಣಿನ ಮೇಲೆ ಒದ್ದೆ ಹತ್ತಿ ಇರುತ್ತದೆ.

ಸೂಕ್ಷ್ಮ ಚರ್ಮದವರಿಗೆ ಮೊದಲ ಸಲ 2 ನಿಮಿಷ, ಒಗ್ಗಿದರೆ ಮುಂದೆ 4 ನಿಮಿಷ. ಅಷ್ಟು ಹೊತ್ತೂ ನಾನು ಕೋಣೆ ಬಿಟ್ಟು ಕದಲುವುದಿಲ್ಲ, ಫೋನ್ ಮುಟ್ಟುವುದಿಲ್ಲ. ಮೂಗಿನ ಪಕ್ಕದ ಬಣ್ಣವನ್ನೇ ನೋಡುತ್ತಿರುತ್ತೇನೆ. ಅಲ್ಲಿ ಕೆಂಪು ಚುಕ್ಕೆಚುಕ್ಕೆಯಾಗಿ ಮೂಡಿದರೆ ಸಮಯ ಬಾಕಿಯಿದ್ದರೂ ಕೊಳವೆ ತಿರುಗಿಸಿ, ತಣ್ಣೀರಲ್ಲಿ ಹಿಂಡಿದ ಬಟ್ಟೆ ಇಡುತ್ತೇನೆ. ಐಸ್ ಮಾತ್ರ ಬೇಡ. ಅಂದು ಸ್ಕ್ರಬ್ಬನ್ನೂ ಕೈಬಿಡುತ್ತೇನೆ.

ಕರಾವಳಿಯ ಏಪ್ರಿಲ್-ಮೇ ಸೆಕೆಯಲ್ಲಿ, ಬೆವರು ಆರದೆ ಮುಖ ಮೊದಲೇ ಕಾದಿರುವಾಗ, ಇಂಥವರಿಗೆ ಹಬೆಯ ಬದಲು ಉಗುರುಬೆಚ್ಚಗಿನ ನೀರಿನ ಬಟ್ಟೆಯನ್ನೇ ಒತ್ತುತ್ತೇನೆ. ಕೆಲವರು "ಹಬೆ ಇಲ್ಲದ ಮೇಲೆ ಫೇಶಿಯಲ್ ಏನು ಮೇಡಂ?" ಎಂದು ಕೇಳುತ್ತಾರೆ. ಅವರಿಗೆ ಕನ್ನಡಿ ಕೊಟ್ಟು, ಕೆನ್ನೆಯ ಮೇಲೆ ಬೆರಳೊತ್ತಿ ತೆಗೆದಾಗ ಕೆಂಪು ಎಷ್ಟು ಬೇಗ ಮರಳಿ ತುಂಬುತ್ತದೆ ಎಂಬುದನ್ನು ತೋರಿಸುತ್ತೇನೆ.