ಗೀಸರ್ ಎಳೆದ ಕರೆಂಟಿನಲ್ಲಿ ನೀರಿಗೆ ಸೇರಿದ್ದೆಷ್ಟು?

ಗೀಸರ್ ಮೇಲೆ 2000 ವಾಟ್ ಎಂದು ಬರೆದಿದ್ದರೂ ಲೆಕ್ಕಕ್ಕೆ ಅದನ್ನು ಹಿಡಿಯಬೇಡಿ. ಅದು 230 ವೋಲ್ಟಿನ ಲೆಕ್ಕ. ವೋಲ್ಟೇಜ್ 200ಕ್ಕೆ ಇಳಿದರೆ ಕಾಯಿಲ್ ಎಳೆಯುವುದು 1500 ವಾಟ್ ಆಸುಪಾಸು ಅಷ್ಟೆ. ಮನೆಯ ಮೀಟರನ್ನೇ ನಂಬಿ.

ಗೀಸರ್ ಆರಿಸಿ, ನಲ್ಲಿಯಲ್ಲಿ ಪೂರ್ತಿ ತಣ್ಣೀರು ಬರುವವರೆಗೆ ಬಿಡಿ. ಅದರ ಉಷ್ಣಾಂಶ ಬರೆದುಕೊಳ್ಳಿ: 22 ಡಿಗ್ರಿ ಎನ್ನೋಣ. ಜ್ವರದ ಥರ್ಮಾಮೀಟರ್ ಬೇಡ, ಅಡುಗೆಗೆ ಬಳಸುವಂಥದ್ದು ಬೇಕು. ಫ್ರಿಜ್, ಯುಪಿಎಸ್ ಚಾರ್ಜಿಂಗ್ ಎಲ್ಲ ಆಫ್ ಮಾಡಿ. ಮೀಟರಿನ ಕೆಂಪು ಲೈಟು ಮಿಣುಕುವುದು ನಿಲ್ಲಬೇಕು. ಯುಪಿಎಸ್ಸನ್ನು ಮರೆಯುವವರೇ ಹೆಚ್ಚು.

ಈಗ ಗೀಸರ್ ಹಾಕಿ. ಯೂನಿಟ್ಟಿಗೆ ಎಷ್ಟು ಮಿಣುಕು ಎಂಬುದು ಮೀಟರ್ ಮೇಲೇ ಅಚ್ಚಾಗಿರುತ್ತದೆ. 3200 ಇದ್ದು, 100 ಮಿಣುಕಿಗೆ 56 ಸೆಕೆಂಡ್ ಹಿಡಿದರೆ ಬಳಕೆ ಸುಮಾರು 2 ಕಿಲೋವಾಟ್ (100 ÷ 3200 × 3600 ÷ 56). ಕಣ್ಣಿಗೆ ಎಣಿಕೆ ತಪ್ಪುತ್ತದೆ, ಮೊಬೈಲಿನಲ್ಲಿ ವಿಡಿಯೊ ಮಾಡಿ ನಿಧಾನವಾಗಿ ಓಡಿಸಿ ಎಣಿಸಿ. 21 ನಿಮಿಷಕ್ಕೆ ಗೀಸರ್ ತಾನೇ ಕಟ್ ಆದರೆ ಖರ್ಚು 0.70 ಯೂನಿಟ್.

ಕಟ್ ಆದ ತಕ್ಷಣ ಸ್ವಿಚ್ ಆರಿಸಿ. ಇಲ್ಲದಿದ್ದರೆ ನೀರು ಬಿಡುತ್ತಿದ್ದಂತೆ ಒಳಗೆ ತಣ್ಣೀರು ಸೇರಿ ಕಾಯಿಲ್ ಮತ್ತೆ ಹೊತ್ತಿಕೊಂಡು ಲೆಕ್ಕ ಕೆಡುತ್ತದೆ. ನಲ್ಲಿಯ ನೀರನ್ನು ಬಕೆಟ್ಟಿಗೆ ಹಿಡಿದು, ಪ್ರತಿ ಬಕೆಟ್ಟನ್ನೂ ಚೆನ್ನಾಗಿ ಕಲಕಿ ಉಷ್ಣಾಂಶ ನೋಡಿ. ನಲ್ಲಿ ನೀರು ಮತ್ತೆ 22ರ ಹತ್ತಿರ ಬರುವವರೆಗೆ ಹಿಡಿಯುತ್ತಲೇ ಇರಿ. ಬಕೆಟ್ಟಿನ ಗೆರೆಗಳನ್ನು ನಂಬದೆ ತೂಗಿ, ಒಂದು ಕೆಜಿ ಒಂದು ಲೀಟರ್.

ಮೊದಲ 15 ಲೀಟರ್ 51 ಡಿಗ್ರಿ, ಮುಂದಿನ 15 ಲೀಟರ್ 30 ಡಿಗ್ರಿ ಬಂತೆನ್ನಿ. ಏರಿಕೆ 29 ಮತ್ತು 8. 15 × 37 = 555. ಒಂದು ಲೀಟರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲೊರಿ ಬೇಕು, ಒಂದು ಯೂನಿಟ್ ಎಂದರೆ 860 ಕಿಲೋಕ್ಯಾಲೊರಿ. ಹಾಗಾಗಿ ಇದನ್ನು 860ರಿಂದ ಭಾಗಿಸಿದರೆ 0.645 ಯೂನಿಟ್. 0.645 ÷ 0.70, ಅಂದರೆ ದಕ್ಷತೆ ಶೇ. 92. ನೂರು ದಾಟಿತೋ, ಗೀಸರಿನಲ್ಲಿ ಮೊದಲೇ ಬಿಸಿನೀರು ಉಳಿದಿತ್ತು, ಇಲ್ಲವೇ ನೀರು ಕಲಕಿಲ್ಲ.

ಬೋರ್‌ವೆಲ್ ನೀರಿನ ಸುಣ್ಣ ಕಾಯಿಲ್ ಸುಡುತ್ತದೆಯೇ ಹೊರತು ಈ ಅಂಕಿಯನ್ನು ಹೆಚ್ಚು ಇಳಿಸುವುದಿಲ್ಲ. ಶಾಖ ಹೇಗೂ ನೀರಿಗೇ ಹೋಗಬೇಕು. ನಿಜವಾದ ಪೋಲು ಇರುವುದು ಗೀಸರನ್ನು ಹಗಲೂ ರಾತ್ರಿ ಹಾಕಿಟ್ಟಾಗ. ನೀರು ಬಳಸದಿದ್ದರೂ ಮೂರು ಗಂಟೆಗೊಮ್ಮೆ 2 ನಿಮಿಷ ಹೊತ್ತಿಕೊಂಡರೆ ದಿನಕ್ಕೆ 0.53 ಯೂನಿಟ್, ತಿಂಗಳಿಗೆ 16. ಸ್ಟಾರ್ ಲೇಬಲ್ ಅಳೆಯುವುದೂ ಈ ನಷ್ಟವನ್ನೇ, ಆದರೆ ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ 45 ಡಿಗ್ರಿ ವ್ಯತ್ಯಾಸಕ್ಕೆ. ನಿಮ್ಮ ವ್ಯತ್ಯಾಸ 35 ಇದ್ದರೆ 0.53ನ್ನು 45/35ರಿಂದ ಗುಣಿಸಿ ಹೋಲಿಸಿ.