ಕೆಂಪು ಚೀಟಿ ಮತ್ತು 381 ಕೊಂಡಿಗಳು

ಮಕ್ಕಳಿಗೆ ಮಾರ್ಟಿನ್ ಲೂಥರ್ ಕಿಂಗ್ ಅಥವಾ ಅಂಬೇಡ್ಕರ್ ಬಗ್ಗೆ ಕಲಿಸುವಾಗ ಮೊದಲ ದಿನ ಫೋಟೋಗೆ ಹಾರ ಹಾಕಬೇಡಿ. ನಮ್ಮ ಮನೆಗಳಲ್ಲಿ ಬೆಳೆದ ಮಗುವಿಗೆ ಹಾರ ಹಾಕಿದ ಫೋಟೋ ಎಂದರೆ ಒಂದೋ ದೇವರು, ಇಲ್ಲವೇ ತೀರಿಹೋದ ತಾತ. ಎರಡರಲ್ಲಿ ಯಾವುದೆಂದುಕೊಂಡರೂ ಮಗು ಕೈಮುಗಿದು ಸುಮ್ಮನಾಗುತ್ತದೆ; ಈ ಮನುಷ್ಯ ಮಾಡಿದ್ದಾದರೂ ಏನು ಎಂಬ ಪ್ರಶ್ನೆ ಹುಟ್ಟುವುದಿಲ್ಲ. ದೊಡ್ಡವರ ವಿಷಯದಲ್ಲೂ ಇದೇ ಅಪಾಯವನ್ನು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎತ್ತಿ ಹೇಳಿದ್ದರು: ಧರ್ಮದಲ್ಲಿ ಭಕ್ತಿ ಇರಬಹುದು, ರಾಜಕೀಯದಲ್ಲಿ ವ್ಯಕ್ತಿಪೂಜೆ ಅಧೋಗತಿಗೆ ದಾರಿ ಎಂದು. ಆರು ವರ್ಷದವರಿಗೆ ಆ ಭಾಷಣ ಬೇಡ. ಹಾರವನ್ನು ಕೊನೆಗೆ ಉಳಿಸಿಕೊಂಡರೆ ಸಾಕು.

ನಾನು ಬರೆಯುತ್ತಿರುವುದು ಅಮೆರಿಕದ ವಾರಾಂತ್ಯದ ಕನ್ನಡ ತರಗತಿಯಲ್ಲಿ, ಐದರಿಂದ ಎಂಟು ವರ್ಷದ ಹನ್ನೆರಡು ಮಕ್ಕಳಿಗೆ, ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಕಿಂಗ್ ಮತ್ತು ನಮ್ಮ ಅಂಬೇಡ್ಕರ್ ಅವರ ಕೆಲಸವನ್ನು ಕಲಿಸುವ ಬಗೆ. 45 ನಿಮಿಷದ ಮೂರು ತರಗತಿ ಬೇಕು. ಎರಡು ಜನವರಿಯಲ್ಲಿ, ಮೂರನೇ ಸೋಮವಾರದ ಮಾರ್ಟಿನ್ ಲೂಥರ್ ಕಿಂಗ್ ರಜೆಯ ಹಿಂದುಮುಂದಿನ ವಾರಗಳಲ್ಲಿ. ಮೂರನೆಯದು ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯ ಸುಮಾರಿಗೆ. ಜೊತೆಗೆ ಇನ್ನೊಬ್ಬ ದೊಡ್ಡವರು ಇರಲೇಬೇಕು, ಟೇಪು ಮತ್ತು ಸ್ಟೇಪ್ಲರಿನ ಕೆಲಸ ಇರುವುದರಿಂದ.

ಇಡೀ ಪಾಠ ನಿಂತಿರುವುದು ಮೂರು ಖಾಲಿ ಜಾಗಗಳ ಮೇಲೆ. ಬೋರ್ಡಿನ ಮೇಲೆ ಮೊದಲೇ ಬರೆದಿಡುತ್ತೇನೆ: "ಆಗ ____ ಅನ್ಯಾಯ ಇತ್ತು. ಅವರು ____ ಮಾಡಿದರು. ಆಮೇಲೆ ____ ಬದಲಾಯಿತು." ಮಕ್ಕಳು ಶಾಲೆಯಿಂದ "ಕಿಂಗ್ ಒಳ್ಳೆಯವರು", "ಕಿಂಗ್‌ಗೆ ಕನಸು ಬಿತ್ತು" ಎಂಬ ವಾಕ್ಯಗಳನ್ನು ಕಲಿತು ಬಂದಿರುತ್ತಾರೆ. ಕೊನೆಯದು ಅವರ ಪ್ರಸಿದ್ಧ ಭಾಷಣದ ಮಾತು; ಅದನ್ನು ಐದು ವರ್ಷದವರು ನಿದ್ದೆಯಲ್ಲಿ ಬಿದ್ದ ಕನಸು ಎಂದೇ ತಿಳಿದಿರುತ್ತಾರೆ, ಅದು ಅವರ ತಪ್ಪಲ್ಲ. ಒಳ್ಳೆಯವರು, ದೊಡ್ಡವರು, ಧೈರ್ಯಶಾಲಿ ಎಂಬ ಪದಗಳು ಈ ಮೂರು ಜಾಗಗಳಲ್ಲಿ ಎಲ್ಲೂ ಕೂರುವುದಿಲ್ಲ. ನಡುವಿನ ಜಾಗಕ್ಕೆ ಕ್ರಿಯಾಪದವೇ ಬೇಕು: ಕೂತರು, ನಡೆದರು, ಬರೆದರು, ಅಡುಗೆ ಮಾಡಿದರು. ಭೂತಕಾಲದ ಕ್ರಿಯಾಪದ ಕಲಿಸಲು ಇದಕ್ಕಿಂತ ಒಳ್ಳೆಯ ನೆಪವೂ ಸಿಗಲಾರದು.

ಕಿಂಗ್ ಅವರ ಇಡೀ ಜೀವನ ಹೇಳಲು ಹೋಗಬೇಡಿ. ಒಂದೇ ಘಟನೆ ಆರಿಸಿಕೊಳ್ಳಿ. ಅಲಬಾಮಾ ರಾಜ್ಯದ ಮಾಂಟ್ಗೊಮರಿಯ ಬಸ್ ಬಹಿಷ್ಕಾರ ಈ ವಯಸ್ಸಿಗೆ ಸರಿಹೊಂದುತ್ತದೆ, ಏಕೆಂದರೆ ಸೀಟಿನ ಜಗಳ ಯಾವ ಮಗುವಿಗೂ ಹೊಸದಲ್ಲ.

ಬೇಕಾದ ಸಾಮಾನು: ಒಂದು ದೊಡ್ಡ ಚಾರ್ಟ್ ಹಾಳೆ, ಒಂದೇ ಬಣ್ಣದ, ಒಂದೇ ಗಾತ್ರದ 15 ಗುಂಡಿಗಳು, ಅಂಗೈಯಗಲದ ಕೆಂಪು ಕಾಗದದ ಚೀಟಿ ಒಂದು. ಮಾಂಟ್ಗೊಮರಿಯ ಬಸ್ಸಿನಲ್ಲಿ 36 ಸೀಟುಗಳಿದ್ದವು. ಎಲ್ಲವನ್ನೂ ಬಿಡಿಸಿದರೆ ಎಣಿಸುವುದರಲ್ಲೇ ಹೊತ್ತು ಹೋಗುತ್ತದೆ. ಮುಂದಿನ 10 ಮತ್ತು ಅದರ ಹಿಂದೆ ಒಂದೇ ಸಾಲಿನ 4, ಒಟ್ಟು 14 ಚೌಕ ಸಾಕು. ನಾಲ್ಕರ ಮಧ್ಯೆ ಓಡಾಡುವ ಜಾಗ ಬಿಡಿ. 14 ಗುಂಡಿ ಕೂರಿಸಿ. ಹದಿನೈದನೆಯದು ನಿಂತಿರಲಿ.

ಗುಂಡಿ ಒಂದೇ ಬಣ್ಣದ್ದಾಗಿರಬೇಕು ಎಂಬುದು ಸಣ್ಣ ವಿಷಯವಲ್ಲ. ಉದ್ದಿನಕಾಳು ಒಂದು ಕಡೆ, ಬಿಳಿ ಅವರೆ ಇನ್ನೊಂದು ಕಡೆ ಇಟ್ಟರೆ ಪಾಠ ಸುಲಭವಾದಂತೆ ಕಾಣುತ್ತದೆ, ಆದರೆ ಮಗುವಿನ ತಲೆಯಲ್ಲಿ ಉಳಿಯುವುದು "ಕಪ್ಪು ಕಾಳು ಹಿಂದೆ ಕೂರಬೇಕು" ಎಂಬುದು. ತಪ್ಪು ಕಾಳಿನಲ್ಲಿ ಇದ್ದಂತಾಗುತ್ತದೆ. ತಪ್ಪು ಇದ್ದದ್ದು ನಿಯಮದಲ್ಲಿ, ಅದಕ್ಕೇ ಕೆಂಪು ಚೀಟಿ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ: "ಮುಂದಿನ 10 ಸೀಟು ಬಿಳಿಯರಿಗೆ ಮಾತ್ರ. ಕಪ್ಪು ಜನರು ಬಿಳಿಯರ ಸಾಲಿನಲ್ಲಿ ಕೂರುವಂತಿಲ್ಲ." ಚೀಟಿಯನ್ನು ಬಸ್ಸಿನ ಮೇಲೆ ಅಂಟಿಸಬೇಡಿ, ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿ. ತೆಗೆಯಲು ಬರುವಂಥದ್ದು ಅದು ಎಂದು ಕಣ್ಣಿಗೆ ಕಾಣಬೇಕು.

ಈಗ ಲೆಕ್ಕ. 1955ರ ಡಿಸೆಂಬರ್ 1ರ ಸಂಜೆ ಮುಂದಿನ ಹತ್ತೂ ಸೀಟು ಬಿಳಿಯರಿಂದ, ಹಿಂದಿನ ನಾಲ್ಕು ಕಪ್ಪು ಜನರಿಂದ ತುಂಬಿ ಒಬ್ಬ ಬಿಳಿಯ ಪ್ರಯಾಣಿಕ ನಿಂತಿದ್ದ. ಅವನೊಬ್ಬನಿಗೆ ಸೀಟು ಬೇಕಾದರೆ ಎಷ್ಟು ಜನ ಏಳಬೇಕು? ಮಕ್ಕಳು ಒಟ್ಟಿಗೆ "ಒಬ್ಬರು" ಎನ್ನುತ್ತಾರೆ. ಚೀಟಿಯ ಎರಡನೇ ವಾಕ್ಯ ಓದಿಸಿ. ಒಂದೇ ಸಾಲಿನಲ್ಲಿ ಕೂರುವಂತಿಲ್ಲವಾದ್ದರಿಂದ ನಾಲ್ವರೂ ಏಳಬೇಕು. ನಾಲ್ಕು ಗುಂಡಿಗಳನ್ನು ಎತ್ತಿ ಹಿಂದಕ್ಕೆ ನಿಲ್ಲಿಸಿ, ಮೂರು ಸೀಟು ಸುಮ್ಮನೆ ಖಾಲಿ ಉಳಿಯುವುದನ್ನು ತೋರಿಸಿ. ತರಗತಿ ಗಲಾಟೆ ಏಳುವುದು ಇಲ್ಲಿ, ಏಳಲಿ ಬಿಡಿ. ಆಮೇಲೆ ಹೇಳುವುದು ಇಷ್ಟೇ: ಮೂವರು ಎದ್ದರು, ರೋಸಾ ಪಾರ್ಕ್ಸ್ ಏಳಲಿಲ್ಲ. ಪೊಲೀಸರು ಬಂಧಿಸಿದರು. ಕೋರ್ಟಿನಲ್ಲಿ 10 ಡಾಲರ್ ದಂಡ, ಖರ್ಚು 4 ಡಾಲರ್.

"ಪಾಪ, ಅಜ್ಜಿಗೆ ಕಾಲು ನೋಯುತ್ತಿತ್ತು" ಎಂಬ ಕಥೆಯನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗ ಅವರಿಗೆ 42 ವರ್ಷ, ಅಜ್ಜಿಯಲ್ಲ. ಹೊಲಿಗೆ ಕೆಲಸ ಮಾಡುತ್ತಿದ್ದರು, ಜೊತೆಗೆ ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಸಂಘದ ಸ್ಥಳೀಯ ಕಾರ್ಯದರ್ಶಿ. ಕಾಲುನೋವಿನ ಕಥೆ ಮಕ್ಕಳಿಗೆ ಬಲು ಇಷ್ಟ. ಆದರೆ ಅದನ್ನು ಒಪ್ಪಿಕೊಂಡರೆ ಅವರು ಯೋಚಿಸಿ ಮಾಡಿದ ಕೆಲಸ ಆಯಾಸವಾಗಿಬಿಡುತ್ತದೆ. ಆಯಾಸಕ್ಕೆ ಯಾರೂ ಗೌರವ ಕೊಡುವುದಿಲ್ಲ, ಕಾಫಿ ಕೊಡುತ್ತಾರೆ.

ಮಕ್ಕಳನ್ನೇ ಎರಡು ಗುಂಪು ಮಾಡಿ, ಒಂದು ಗುಂಪನ್ನು ಹಿಂದೆ ಕೂರಿಸಿ "ಹೇಗನ್ನಿಸಿತು?" ಎಂದು ಕೇಳುವ ಆಟ ಮಾತ್ರ ಬೇಡವೇ ಬೇಡ. ಅಂಗಿಯ ಬಣ್ಣದ ಮೇಲೆ ವಿಂಗಡಿಸಿದರೂ ಬೇಡ. ಈ ವಯಸ್ಸಿನ ಮಗುವಿಗೆ ಆಟ ಎಲ್ಲಿ ಮುಗಿಯಿತು ಎಂಬುದು ಸ್ಪಷ್ಟವಿರುವುದಿಲ್ಲ. ಟೀಚರ್ ನನ್ನನ್ನು ಹಿಂದೆ ಕೂರಿಸಿದರು ಎಂಬುದಷ್ಟೇ ಮನೆಗೆ ಹೋಗುತ್ತದೆ. ಇನ್ನು ಡ್ರೈವರ್ ಪಾತ್ರ ಸಿಕ್ಕವನಿಗೆ ಅದು ಬಹಳ ರುಚಿಸುತ್ತದೆ. ಗುಂಡಿಗಳಿಗೆ ಆ ಸಮಸ್ಯೆ ಇಲ್ಲ.

ಎರಡನೇ ತರಗತಿ ಕೊಂಡಿಗಳದು. ಪಾರ್ಕ್ಸ್ ಬಂಧನದ ನಂತರ ಊರಿನ ಕಪ್ಪು ಜನರು ಬಸ್ ಹತ್ತುವುದನ್ನೇ ಬಿಟ್ಟರು; ಈ ಬಹಿಷ್ಕಾರ 1955ರ ಡಿಸೆಂಬರ್ 5ಕ್ಕೆ ಶುರುವಾಗಿ 381 ದಿನ ನಡೆಯಿತು. ಆರು ವರ್ಷದವರಿಗೆ 381 ಎಂದರೆ "ತುಂಬಾ" ಅಷ್ಟೇ. ಆದ್ದರಿಂದ ಕಾಗದದ ಸರಪಳಿ. ಲೆಟರ್ ಗಾತ್ರದ ಹಾಳೆಯನ್ನು ಅಡ್ಡಕ್ಕೆ ಅರ್ಧ ಮಾಡಿ, ಪ್ರತಿ ಅರ್ಧವನ್ನು ಉದ್ದಕ್ಕೆ ಹತ್ತು ಪಟ್ಟಿ ಕತ್ತರಿಸಿದರೆ 14 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲದ 20 ಪಟ್ಟಿ ಸಿಗುತ್ತವೆ. 20 ಹಾಳೆಗೆ 400. ಹರಿದುಹೋಗುವವಕ್ಕೆ 19 ಹೆಚ್ಚುವರಿ. ಹನ್ನೆರಡು ಮಕ್ಕಳಿಗೆ ತಲಾ 32 ಹಂಚಿದರೆ 384, ಮೂರು ಉಳಿಯುತ್ತವೆ. ಕತ್ತರಿಸುವ ಕೆಲಸ ಮನೆಯಲ್ಲೇ ಮುಗಿಸಿಕೊಂಡು ಬನ್ನಿ. ಅಂಟು ಬೇಡ, ಒಣಗುವಷ್ಟರಲ್ಲಿ ಬಿಚ್ಚಿಕೊಳ್ಳುತ್ತದೆ. ಚಿಕ್ಕವರಿಗೆ ಸೆಲೋಟೇಪು, ಎಂಟು ವರ್ಷದವರಿಗೆ ಸ್ಟೇಪ್ಲರ್. ಒಂದೊಂದು ಕೊಂಡಿ ಸುಮಾರು 4 ಸೆಂಟಿಮೀಟರ್ ಆಗುವುದರಿಂದ ಸರಪಳಿ ಹತ್ತಿರಹತ್ತಿರ 15 ಮೀಟರ್ ಬರುತ್ತದೆ. ಗೋಡೆಗೆ ಹಾಕುವುದಕ್ಕಿಂತ ಕಾರಿಡಾರಿನ ನೆಲದ ಮೇಲೆ ಹಾಸಿ, ಪಕ್ಕದಲ್ಲಿ ಮಕ್ಕಳನ್ನು ನಡೆಸುವುದು ಮೇಲು. ನಡೆದೇ ಕೆಲಸಕ್ಕೆ ಹೋದ ಜನರ ಕಥೆ ಇದು.

ನಾಲ್ಕು ಕೊಂಡಿಗಳಿಗೆ ಬೇರೆ ಬಣ್ಣ. 1ನೆಯದು ಡಿಸೆಂಬರ್ 5. 57ನೆಯದು 1956ರ ಜನವರಿ 30, ಕಿಂಗ್ ಮನೆಗೆ ಬಾಂಬ್ ಎಸೆದ ದಿನ. ಒಳಗೆ ಹೆಂಡತಿ ಮತ್ತು ಹಸುಗೂಸು ಇದ್ದರು, ಯಾರಿಗೂ ಗಾಯವಾಗಲಿಲ್ಲ. ಈ ಎರಡನೇ ಭಾಗವನ್ನು ಮೊದಲೇ ಹೇಳಿಬಿಡಿ, ಮಕ್ಕಳು ಉಸಿರು ಬಿಗಿಹಿಡಿದಿರುತ್ತಾರೆ. 184ನೆಯದು ಜೂನ್ 5, ಕೆಳಗಿನ ಫೆಡರಲ್ ಕೋರ್ಟು ಈ ನಿಯಮ ಸಲ್ಲದು ಎಂದ ದಿನ. 345ನೆಯದು ನವೆಂಬರ್ 13, ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದ ದಿನ. "ಮತ್ತೆ ಇನ್ನೂ ಯಾಕೆ ನಡೆದರು?" ಎಂಬ ಪ್ರಶ್ನೆ 184ರಲ್ಲೊಮ್ಮೆ, 345ರಲ್ಲೊಮ್ಮೆ ಬರಲೇಬೇಕು. ಬರದಿದ್ದರೆ ನೀವೇ ಕೇಳಿ. ಕೋರ್ಟು ಹೇಳಿದ್ದು ಕಾಗದದ ಮೇಲಾಗಿ ಊರಿಗೆ ತಲುಪಿದ್ದು ಡಿಸೆಂಬರ್ 20ಕ್ಕೆ, ಕಪ್ಪು ಜನರು ಮುಂದಿನ ಸೀಟುಗಳಲ್ಲಿ ಕೂತದ್ದು 21ರ ಬೆಳಿಗ್ಗೆ. ಸರಪಳಿಯ ತುದಿಗೆ ಬಂದಾಗ ಒಂದು ಮಗು ಕೆಂಪು ಚೀಟಿಯನ್ನು ಕ್ಲಿಪ್ಪಿನಿಂದ ತೆಗೆಯುತ್ತದೆ. ಹರಿಯಲು ಎಲ್ಲರೂ ಮುಗಿಬೀಳುತ್ತಾರೆ, ಹರಿಯಲು ಬಿಡಬೇಡಿ, ಏಪ್ರಿಲ್‌ನಲ್ಲಿ ತೋರಿಸಲು ಬೇಕು.

ನಡೆಯುವಾಗ ಆರು ಕಾರ್ಡು, ಇಬ್ಬರಿಗೊಂದು. ಹೆಸರು, ಒಂದೇ ಕ್ರಿಯಾಪದ. ಪಾರ್ಕ್ಸ್ ಕೂತರು. ಕ್ಲೌಡೆಟ್ ಕಾಲ್ವಿನ್ ಎಂಬ 15 ವರ್ಷದ ಹುಡುಗಿ ಅದಕ್ಕೂ ಒಂಬತ್ತು ತಿಂಗಳು ಮೊದಲೇ, ಮಾರ್ಚ್ 2ರಂದು, ಅದೇ ಊರಿನಲ್ಲಿ ಕೂತಿದ್ದಳು. ಕೋರ್ಟಿನಲ್ಲಿ ಗೆದ್ದ ದಾವೆಯಲ್ಲಿ ಪಾರ್ಕ್ಸ್ ಹೆಸರಿರಲಿಲ್ಲ, ಅವಳ ಹೆಸರಿತ್ತು. ಜೋ ಆನ್ ರಾಬಿನ್ಸನ್ ರಾತ್ರಿಯಿಡೀ ಕೂತು ಹತ್ತಾರು ಸಾವಿರ ಕರಪತ್ರ ಅಚ್ಚುಹಾಕಿದರು. ಇ. ಡಿ. ನಿಕ್ಸನ್ ಪಾರ್ಕ್ಸ್ ಅವರನ್ನು ಜಾಮೀನು ಕೊಟ್ಟು ಬಿಡಿಸಿದರು. ಜಾರ್ಜಿಯಾ ಗಿಲ್ಮೋರ್ ಅಡುಗೆ ಮಾಡಿ ಮಾರಿದರು; ಅವರ ಗುಂಪಿನವರ ಕೇಕು, ಪೈಗಳ ದುಡ್ಡು ಜನರನ್ನು ಕರೆದೊಯ್ಯುವ ಕಾರುಗಳ ಪೆಟ್ರೋಲಿಗೆ ಹೋಯಿತು. ಕಿಂಗ್ ಮಾತಾಡಿದರು, ಸಂಘಟಿಸಿದರು; ಆಗ ವಯಸ್ಸು 26. ಮಕ್ಕಳಿಗೆ ಅಚ್ಚುಮೆಚ್ಚಿನ ಕಾರ್ಡು ಪ್ರತಿ ಸಲವೂ ಗಿಲ್ಮೋರ್ ಅವರದ್ದೇ. ಕೇಕು ಮಾಡಿಯೂ ಹೋರಾಡಬಹುದು ಎಂಬುದು ಅವರಿಗೆ ಭಾಷಣಕ್ಕಿಂತ ಬೇಗ ಅರ್ಥವಾಗುತ್ತದೆ. ರಜೆ ಕಿಂಗ್ ಹೆಸರಿನಲ್ಲೇ ಯಾಕೆ ಎಂದರೆ, ಈ ಒಂದು ಊರಿನ ಕೆಲಸ ಮುಗಿದ ಮೇಲೂ ಅವರು ಇನ್ನೂ ಅನೇಕ ಊರುಗಳಲ್ಲಿ 1968ರವರೆಗೆ ಅದನ್ನೇ ಮಾಡಿದರು ಎನ್ನಿ. ರಜೆಯೂ ಸುಮ್ಮನೆ ಬರಲಿಲ್ಲ: ಮಸೂದೆ ಮಂಡನೆಯಾದದ್ದು 1968ರಲ್ಲಿ, ಕಾನೂನಾದದ್ದು 1983ರಲ್ಲಿ, ಮೊದಲ ಆಚರಣೆ 1986ರಲ್ಲಿ.

"ಹೇಗೆ ಸತ್ತರು?" ಎಂದು ಕೇಳಿದರೆ ಎರಡು ವಾಕ್ಯ ಸಾಕು: "ಒಬ್ಬ ಮನುಷ್ಯ ಅವರನ್ನು ಗುಂಡಿಟ್ಟು ಕೊಂದ. ಅವನನ್ನು ಹಿಡಿದು ಜೈಲಿಗೆ ಹಾಕಿದರು." ತಾನಾಗಿ ಕೇಳದಿದ್ದರೆ ಐದರವರಿಗೆ ಹೇಳುವುದಿಲ್ಲ. "ಹೋಗಿಬಿಟ್ಟರು", "ದೇವರ ಹತ್ತಿರ ಹೋದರು" ಎಂದು ಮೆತ್ತಗೆ ಹೇಳಿದರೆ ಪ್ರಶ್ನೆಗಳು ಇನ್ನಷ್ಟು ಹೆಚ್ಚುತ್ತವೆ, ನೋಡಿ.

ಕಷ್ಟದ ಪ್ರಶ್ನೆ ಬೇರೆಯೇ ಇದೆ: "ನಾವು ಆ ಬಸ್ಸಿನಲ್ಲಿ ಎಲ್ಲಿ ಕೂರುತ್ತಿದ್ದೆವು?" ಇದಕ್ಕೆ ಸರಾಗ ಉತ್ತರವಿಲ್ಲ. ಭಾರತದವರನ್ನು ಒಂದೊಂದು ಊರು ಒಂದೊಂದು ಥರ ನೋಡುತ್ತಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವವಿಲ್ಲ ಎಂದಿತ್ತು. ದೇಶದೇಶಕ್ಕೆ ಕೋಟಾ ಕಟ್ಟಿದ್ದ ಹಳೆಯ ವಲಸೆ ಕಾನೂನು ಹೋದದ್ದು 1965ರಲ್ಲಿ, ನಾಗರಿಕ ಹಕ್ಕುಗಳ ಹೋರಾಟ ಬಿಸಿಯಾಗಿದ್ದಾಗಲೇ. ಎಂಟು ವರ್ಷದವರಿಗೆ "ಅವರು ನಡೆದದ್ದರಿಂದ ನಮಗೂ ದಾರಿ ಆಯಿತು" ಎನ್ನಬಹುದು. ಅದು ಅಲಂಕಾರದ ಮಾತಲ್ಲ.

ಬಣ್ಣದ ಮಾತು ನಮ್ಮ ಕಡೆಗೂ ತಿರುಗುತ್ತದೆ. "ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀಯ ಅಂತಾರೆ ಅಜ್ಜಿ" ಎಂದು ಯಾರೋ ಒಬ್ಬರು ಹೇಳುತ್ತಾರೆ. ಅಜ್ಜಿಯನ್ನು ತರಗತಿಯಲ್ಲಿ ಕಟಕಟೆಗೆ ಹತ್ತಿಸಬೇಡಿ. "ಹಾಗಂದರೆ ಕಪ್ಪಾಗುವುದರಲ್ಲಿ ತಪ್ಪೇನು?" ಎಂದು ಕೇಳಿ ಅಲ್ಲಿಗೇ ಬಿಡಿ, ಪ್ರಶ್ನೆ ಮನೆಗೆ ಹೋಗಲಿ. "ಕರಿಯ" ಎಂಬ ಪದವನ್ನು ನಾನು ಬಳಸುವುದಿಲ್ಲ. ಪತ್ರಿಕೆಯ ಕನ್ನಡದಲ್ಲಿ ಅದು ನಡೆದೀತು, ಆಟದ ಮೈದಾನದ ಕನ್ನಡದಲ್ಲಿ ಅದು ಬೈಗುಳ.

ಪಾಠವನ್ನು ಇಲ್ಲಿಗೇ ನಿಲ್ಲಿಸಿದರೆ ಅನ್ಯಾಯವೆಲ್ಲ ಬಿಳಿಯರದು ಎಂಬ ನೆಮ್ಮದಿಯಲ್ಲಿ ಮಕ್ಕಳೂ ಪಾಲಕರೂ ಮನೆಗೆ ಹೋಗುತ್ತಾರೆ. ಸೇತುವೆ ಕಟ್ಟಿಕೊಟ್ಟವರು ಕಿಂಗ್ ಅವರೇ. 1959ರಲ್ಲಿ ಭಾರತಕ್ಕೆ ಬಂದಿದ್ದಾಗ ತಿರುವನಂತಪುರದ ಶಾಲೆಯೊಂದರ ಮುಖ್ಯೋಪಾಧ್ಯಾಯರು ತಮ್ಮನ್ನು ಅಮೆರಿಕದಿಂದ ಬಂದ ನಿಮ್ಮಂಥದೇ ಅಸ್ಪೃಶ್ಯ ಎಂದು ದಲಿತ ಮಕ್ಕಳಿಗೆ ಪರಿಚಯಿಸಿದ್ದನ್ನು, ಮೊದಲು ಅದು ಚುಚ್ಚಿದ್ದನ್ನು, ಆಮೇಲೆ ಹೌದಲ್ಲ ಎನ್ನಿಸಿದ್ದನ್ನು 1965ರ ಪ್ರವಚನವೊಂದರಲ್ಲಿ ಹೇಳಿಕೊಂಡಿದ್ದಾರೆ. ಏಪ್ರಿಲ್ ತರಗತಿಯನ್ನು ಇದರಿಂದಲೇ ತೆರೆಯುತ್ತೇನೆ. "ಇಷ್ಟು ಚಿಕ್ಕವರಿಗೆ ಜಾತಿ ಯಾಕೆ, ಅವರಿಗೆ ಗೊತ್ತೇ ಇಲ್ಲ" ಎಂಬ ಆಕ್ಷೇಪ ಪಾಲಕರಿಂದ ಬರುವುದುಂಟು. ಹಿಂದಿನ ವಾರವೇ ಪಾಠದ ಒಂದು ಪುಟ ಕಳಿಸಿಬಿಟ್ಟರೆ ಅರ್ಧ ಕರಗುತ್ತದೆ. "ನಮ್ಮೋರಾ?" ಎಂಬ ಪದ ಮಕ್ಕಳ ಕಿವಿಗೆ ಆಗಲೇ ಬಿದ್ದಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ಚಾರ್ಟಿನ ಮೇಲೆ ಈ ಸಲ ಬಸ್ಸಿಲ್ಲ, ನೀಲಿ ಕಾಗದದ ಕೆರೆ. ಅವೇ ಗುಂಡಿಗಳು. ಮಹಾರಾಷ್ಟ್ರದ ಮಹಾಡ್ ಊರಿನ ಚವದಾರ್ ಕೆರೆ. ಮೊದಲು ಜನವರಿಯ ಚೀಟಿಯನ್ನು ಎತ್ತಿ ತೋರಿಸಿ, ಅದರ ಮೇಲೆ ಬರಹವಿದೆ. ಇಲ್ಲಿಗೆ ಇನ್ನೊಂದು ಕೆಂಪು ಚೀಟಿ ಬೇಕು, ಆದರೆ ಖಾಲಿ. ಏಕೆಂದರೆ ಮಾಂಟ್ಗೊಮರಿಯ ನಿಯಮ ಕಾನೂನಿನಲ್ಲಿ ಬರೆದದ್ದು. ಮಹಾಡ್‌ನಲ್ಲಿ ಕಾನೂನು ಆಗಲೇ ಇವರ ಕಡೆಗಿತ್ತು. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ಮುಂಬೈ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು, ಪುರಸಭೆಯೂ ಒಪ್ಪಿತ್ತು. ಅದಕ್ಕೊಂದು ಹಸಿರು ಚೀಟಿ ಬರೆದು ಪಕ್ಕದಲ್ಲಿಡಿ. ದನಕರುಗಳು ಆ ಕೆರೆಯಲ್ಲಿ ನೀರು ಕುಡಿಯುತ್ತಿದ್ದವು, ದಲಿತರು ಕುಡಿಯುವಂತಿರಲಿಲ್ಲ. "ಏನೂ ಬರೆದಿಲ್ಲವಲ್ಲ, ಮತ್ತೆ ಯಾರು ತಡೆದರು?" ಎಂದು ಕೇಳುವ ಮಗು ಪಾಠದ ಹೃದಯಕ್ಕೇ ಕೈಹಾಕಿದೆ. ಅವಸರದಲ್ಲಿ ಉತ್ತರ ಕೊಡಬೇಡಿ, ಬೇರೆ ಮಕ್ಕಳು ಹೇಳಲಿ.

1927ರ ಮಾರ್ಚ್ 20ರಂದು ಅಂಬೇಡ್ಕರ್ ಜನರೊಂದಿಗೆ ಕೆರೆಗೆ ನಡೆದು ನೀರು ಕುಡಿದರು. ಮೂರು ಖಾಲಿ ಜಾಗಗಳಲ್ಲಿ ನಡುವಿನದು ಸಲೀಸಾಗಿ ತುಂಬುತ್ತದೆ: ಕುಡಿದರು. ಆಮೇಲೆ ಊರಿನ ಸವರ್ಣೀಯರು ಸಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಕೊಡ ಸುರಿದು ಕೆರೆಯನ್ನು "ಶುದ್ಧ" ಮಾಡಿದರು ಎಂದಾಗ ಮಕ್ಕಳು ಮೂಗು ಮುಚ್ಚಿ ನಗುತ್ತಾರೆ. ನಗಲಿ. ನಿಂತ ಮೇಲೆ ಕೇಳಿ: ಈಗ ಯಾವ ನೀರು ಕೊಳೆ?

ಮೂರನೇ ಜಾಗದಲ್ಲಿ ಎಲ್ಲರೂ ಎಡವುತ್ತಾರೆ, ಮರುದಿನವೇ ಎಲ್ಲ ಸರಿಹೋಯಿತು ಎಂದು ಬರೆಯುತ್ತಾರೆ. ಬಾಂಬೆ ಹೈಕೋರ್ಟಿನಲ್ಲಿ ದಲಿತರ ಹಕ್ಕು ಗೆದ್ದದ್ದು 1937ರಲ್ಲಿ. ಹತ್ತು ವರ್ಷಕ್ಕೆ ಸರಪಳಿ ಮಾಡಲು ಹೊರಟರೆ 3650ಕ್ಕೂ ಹೆಚ್ಚು ಕೊಂಡಿ, 183 ಹಾಳೆ ಬೇಕು. ಅಷ್ಟು ಹಾಳೆಯೂ ಇಲ್ಲ, ಅಷ್ಟುದ್ದದ ಕಾರಿಡಾರೂ ಇಲ್ಲ. ಅದರ ಬದಲು ಅಂದು ಕೆರೆಯ ದಂಡೆಯಲ್ಲಿ ಹುಟ್ಟಿದ ಮಗುವಿಗೆ ಕೋರ್ಟು ತೀರ್ಪು ಕೊಡುವ ಹೊತ್ತಿಗೆ ಎಷ್ಟು ವಯಸ್ಸು ಎಂದು ಕೇಳುತ್ತೇನೆ. ಬೆರಳು ಮಡಚಿ ಎಣಿಸುತ್ತಾರೆ. ಎರಡೂ ಕೈ ಮುಗಿಯುತ್ತದೆ, ತರಗತಿಯಲ್ಲಿ ಅಷ್ಟು ದೊಡ್ಡವರು ಒಬ್ಬರೂ ಇರುವುದಿಲ್ಲ.